ಹಿಗ್ಗಿದ ಕೋಣೆಯ ಚರಿತ್ರೆ

2001ನೇ ಇಸವಿಯ ಮೊದಲೆರಡು ತಿಂಗಳಲ್ಲಿ, ಒಂದೇ ರೈಲು ಹಾದಿಯ ಎರಡು ಊರುಗಳಲ್ಲಿ, ಒಂದು ಬಾಗಿಲು ತೆರೆಯಿತು, ಇನ್ನೊಂದು ಮುಚ್ಚಿತು. ಜನವರಿ 19ರಂದು ವೈಟ್‌ಫೀಲ್ಡ್‌ನಲ್ಲಿ ಸತ್ಯಸಾಯಿ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಯನ್ನು ಆಗಿನ ಪ್ರಧಾನಿ ಅಟಲ್ ಬಿಹಾರಿ ವಾಜಪೇಯಿ ಉದ್ಘಾಟಿಸಿದರು. ಹೃದಯದ ಆಪರೇಷನ್ನಿಗೆ ಅಲ್ಲಿ ರೋಗಿ ಒಂದು ಕಾಸೂ ಕಟ್ಟಬೇಕಿರಲಿಲ್ಲ. ಅದಾಗಿ 40 ದಿನಕ್ಕೆ, ಫೆಬ್ರವರಿ 28ರಂದು, ಅದೇ ಹಾದಿಯ ಇನ್ನೊಂದು ಕೊನೆಯಲ್ಲಿ ಕೆಜಿಎಫ್ ಎಂದೇ ಹೆಸರಾದ ಕೋಲಾರದ ಚಿನ್ನದ ಗಣಿ ಮುಚ್ಚಿತು. ಗಣಿಯ ಹಿಂದೆಯೇ ಚಾಂಪಿಯನ್ ರೀಫ್ಸ್‌ನ ಗಣಿ ಆಸ್ಪತ್ರೆಗೂ ಬೀಗ ಬಿತ್ತು.

ಅಲ್ಲಿಂದ ಮುಂದೆ ಕೆಜಿಎಫ್‌ನಲ್ಲಿ ಎದೆ ಡವಡವ ಎಂದವರು, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬಿಡುವವರು ಊರಿನೊಳಗೆ ತೋರಿಸಿಕೊಳ್ಳುವ ದೊಡ್ಡ ಜಾಗವನ್ನೇ ಕಳೆದುಕೊಂಡರು. ಉಳಿದದ್ದು ರೈಲು. ಮಾರಿಕುಪ್ಪಂ, ಚಾಂಪಿಯನ್, ಊರ್ಗಾಂ, ಕೋರಮಂಡಲ್, ಬಂಗಾರಪೇಟೆ, ಟೇಕಲ್, ಮಾಲೂರು, ವೈಟ್‌ಫೀಲ್ಡ್. ಕೆಲಸ ಅರಸಿ ಬೆಂಗಳೂರಿಗೆ ಹೊರಟವರ ನಡುವೆಯೇ, ಎಕ್ಸ್‌ರೇ ಕವರನ್ನು ಮಡಿಲಲ್ಲಿಟ್ಟುಕೊಂಡವರೂ ಆ ಬೆಳಗಿನ ರೈಲಿನಲ್ಲಿ ಜಾಗ ಹುಡುಕಿದರು.

ಈ ಹಾದಿಯಲ್ಲಿ ಪಶ್ಚಿಮಕ್ಕೂ ಪೂರ್ವಕ್ಕೂ ಓಡಾಡಿದ ಒಂದು ಕಾಯಿಲೆಯ ಚರಿತ್ರೆ ಇದು. ಜನ ಅದನ್ನು ‘ವಾಲ್ವ್ ಪ್ರಾಬ್ಲಂ’ ಎನ್ನುತ್ತಾರೆ. ಕವಾಟ ಕೆಟ್ಟಿತು, ಆಪರೇಷನ್ ಆಯಿತು, ಸರಿಹೋಯಿತು ಎಂದುಕೊಳ್ಳುತ್ತಾರೆ. ಆದರೆ ಕವಾಟದ ಹಿಂದೆ ಒಂದು ಕೋಣೆ ಇದೆ. ವೈದ್ಯಶಾಸ್ತ್ರ ಕವಾಟವನ್ನು ಮೊದಲು ಗೆದ್ದಿತು. ಕೋಣೆ ಏನು ಹೇಳುತ್ತಿದೆ ಎಂದು ತಿಳಿಯಲು ಇನ್ನೂ ಅರ್ಧ ಶತಮಾನ ಹಿಡಿಯಿತು. ಕೋಣೆ ಹೇಳಿದ್ದು ಒಂದೇ ಮಾತು: ತಡ ಮಾಡಿದರೆ ನಾನು ಮೊದಲಿನಂತೆ ಆಗಲಾರೆ.

ಬಾಗಿಲು ಮತ್ತು ಕೋಣೆ

ಹೃದಯಕ್ಕೆ ನಾಲ್ಕು ಕೋಣೆ. ಮೇಲಿನ ಎರಡು ಹೃತ್ಕರ್ಣಗಳು, ಕೆಳಗಿನ ಎರಡು ಹೃತ್ಕುಕ್ಷಿಗಳು. ಶ್ವಾಸಕೋಶದಲ್ಲಿ ಶುದ್ಧವಾದ ರಕ್ತ ಮೊದಲು ಬಂದು ಸೇರುವುದು ಎಡ ಹೃತ್ಕರ್ಣಕ್ಕೆ. ಅಲ್ಲಿಂದ ಎರಡು ಎಸಳಿನ ಮೈಟ್ರಲ್ ಕವಾಟ ದಾಟಿ ಎಡ ಹೃತ್ಕುಕ್ಷಿಗೆ ಇಳಿಯುತ್ತದೆ, ಅಲ್ಲಿಂದ ಮೈಗೆಲ್ಲ ಹರಿಯುತ್ತದೆ. ಆರೋಗ್ಯವಂತರಲ್ಲಿ ಈ ಕವಾಟ ತೆರೆದಾಗ 4ರಿಂದ 6 ಚದರ ಸೆಂಟಿಮೀಟರ್ ದಾರಿ ಬಿಡುತ್ತದೆ.

ಕೇಡು ಶುರುವಾಗುವುದು ಹೃದಯದಲ್ಲಿ ಅಲ್ಲ, ಗಂಟಲಲ್ಲಿ. 5ರಿಂದ 15 ವರ್ಷದ ಮಕ್ಕಳಿಗೆ ಸ್ಟ್ರೆಪ್ಟೊಕಾಕಸ್ ಎಂಬ ರೋಗಾಣುವಿನಿಂದ ಗಂಟಲು ನೋವು ಬರುತ್ತದೆ. ಮೂರು ದಿನಕ್ಕೆ ಹೋಗುತ್ತದೆ. ಎರಡು ಮೂರು ವಾರ ಕಳೆದ ಮೇಲೆ ಕೆಲವು ಮಕ್ಕಳಿಗೆ ಜ್ವರ ಬಂದು ಮೊಣಕಾಲು ಊದಿಕೊಳ್ಳುತ್ತದೆ, ನೋವು ಒಂದು ಕೀಲಿನಿಂದ ಇನ್ನೊಂದಕ್ಕೆ ಹಾರುತ್ತದೆ. ಇದು ರುಮ್ಯಾಟಿಕ್ ಜ್ವರ. ರೋಗಾಣುವಿನ ಮೇಲೆ ಯುದ್ಧಕ್ಕೆ ಹೊರಟ ದೇಹ ತನ್ನ ಹೃದಯವನ್ನೇ ಹಗೆಯೆಂದು ತಪ್ಪು ತಿಳಿಯುತ್ತದೆ. ಕೀಲಿನ ಊತ ಇಳಿದ ಮೇಲೆ ಮನೆಯವರು ಮರೆತುಬಿಡುತ್ತಾರೆ. ಕವಾಟ ಮರೆಯುವುದಿಲ್ಲ. ಗಂಟಲು ನೋವು ಮತ್ತೆ ಬಂದಾಗಲೆಲ್ಲ ಎಸಳುಗಳ ಅಂಚು ಇನ್ನಷ್ಟು ದಪ್ಪವಾಗಿ, ಒಂದಕ್ಕೊಂದು ಬೆಸೆದುಕೊಂಡು, ಕೊನೆಗೆ ಮೀನಿನ ಬಾಯಿಯಷ್ಟು ಸೀಳು ಉಳಿಯುತ್ತದೆ. ಆ ದಾರಿ 1.5 ಚದರ ಸೆಂಟಿಮೀಟರಿಗೆ ಇಳಿದರೆ ವೈದ್ಯರು ಅದನ್ನು ತೀವ್ರ ಎನ್ನುತ್ತಾರೆ.

ಬಾಗಿಲು ಕಿರಿದಾದಾಗ ಕೋಣೆಯಲ್ಲಿ ರಕ್ತ ಒತ್ತಿಕೊಳ್ಳುತ್ತದೆ. ಒತ್ತಡ ತಡೆಯಲು ಕೋಣೆ ಹಿಗ್ಗುತ್ತದೆ. ಹೃದಯದ ಸ್ಕ್ಯಾನ್ ಆದ ಎಕೋದಲ್ಲಿ ಅಳೆದರೆ 4 ಸೆಂಟಿಮೀಟರಿನ ಒಳಗಿರಬೇಕಾದ ಎಡ ಹೃತ್ಕರ್ಣ 5 ಆಗುತ್ತದೆ, 6 ಆಗುತ್ತದೆ, ಕೆಲವರಲ್ಲಿ ಅದಕ್ಕೂ ಮೀರುತ್ತದೆ. ಹಿಗ್ಗಿದ ಗೋಡೆಯಲ್ಲಿ ಸ್ನಾಯುವಿನ ಎಳೆಗಳ ನಡುವೆ ನಾರು ಬೆಳೆಯುತ್ತದೆ. ಹೃದಯವನ್ನು ಲಯದಲ್ಲಿಡುವ ವಿದ್ಯುತ್ ಸಂಕೇತ ಆ ನಾರಿನ ನಡುವೆ ದಾರಿ ತಪ್ಪಿ ಸುತ್ತತೊಡಗುತ್ತದೆ. ಆಗ ಕೋಣೆ ಮಿಡಿಯುವುದನ್ನು ಬಿಟ್ಟು ನಡುಗುತ್ತದೆ. ಇದೇ ಹೃತ್ಕರ್ಣ ಕಂಪನ. ಕೈ ಹಿಡಿದು ನೋಡಿದರೆ ನಾಡಿಗೆ ತಾಳವೇ ಇರುವುದಿಲ್ಲ. ಎಡ ಹೃತ್ಕರ್ಣದ ಮಗ್ಗುಲಲ್ಲಿ ಕಿವಿಯಾಕಾರದ ಸಣ್ಣ ಚೀಲವೊಂದಿದೆ. ನಡುಗುವ ಕೋಣೆಯ ಆ ಮೂಲೆಯಲ್ಲಿ ರಕ್ತ ನಿಂತು ಹೆಪ್ಪುಗಟ್ಟುತ್ತದೆ. ಹೆಪ್ಪಿನ ತುಣುಕು ಕಳಚಿ ಮಿದುಳಿಗೆ ಹೋದರೆ ಲಕ್ವ. ಮೂವತ್ತು ವರ್ಷದ ತಾಯಿ ಬೆಳಿಗ್ಗೆ ಏಳುವಾಗ ಬಲಗೈ ಎತ್ತಲಾರದೆ ಮಾತು ಕಳೆದುಕೊಂಡಿದ್ದರೆ, ಅದರ ಬೇರು ಎಷ್ಟೋ ವೇಳೆ ಇಪ್ಪತ್ತು ವರ್ಷದ ಹಿಂದಿನ ಗಂಟಲು ನೋವಿನಲ್ಲಿ ಇರುತ್ತದೆ.

ಲೈನುಗಳ ಊರು

ಗಂಟಲು ನೋವು ತರುವ ಆ ರೋಗಾಣುವಿಗೆ ಬೇಕಾದದ್ದು ಇಕ್ಕಟ್ಟು. ಒಂದೇ ಕೋಣೆಯಲ್ಲಿ ಏಳೆಂಟು ಜನ ಮಲಗುವ ಮನೆ, ಒಬ್ಬರ ಉಸಿರು ಇನ್ನೊಬ್ಬರಿಗೆ ತಾಗುವ ಬದುಕು. ಯುರೋಪು ಅಮೆರಿಕಗಳಲ್ಲಿ ಮನೆಗಳು ದೊಡ್ಡದಾಗುತ್ತ ಹೋದಂತೆ ರುಮ್ಯಾಟಿಕ್ ಜ್ವರ ಕಡಿಮೆಯಾಗತೊಡಗಿತ್ತು. ಪೆನಿಸಿಲಿನ್ ಬಂದ ಮೇಲೆ ಇನ್ನಷ್ಟು ಇಳಿಯಿತು.

ಕೋಲಾರದ ಚಿನ್ನದ ಗಣಿಯ ಊರು ಬೆಳೆದದ್ದು ಇಕ್ಕಟ್ಟಿನಲ್ಲೇ. 1880ರಲ್ಲಿ ಜಾನ್ ಟೇಲರ್ ಕಂಪನಿ ಗಣಿಗಾರಿಕೆಗೆ ಇಳಿದ ಮೇಲೆ ಉತ್ತರ ಆರ್ಕಾಟು, ಚಿತ್ತೂರು, ಕೋಲಾರದ ಹಳ್ಳಿಗಳಿಂದ ಜನ ಹರಿದು ಬಂದರು. ಬಹುಪಾಲು ದಲಿತರು, ಭೂಮಿ ಇಲ್ಲದವರು. ಕಮಿಷನರ್ ಬೌರಿಂಗ್ ಹೆಸರಿನ ಬೌರಿಂಗ್‌ಪೇಟೆ ಜಂಕ್ಷನ್ನಿನಿಂದ ಗಣಿಗೆ ರೈಲು ಕವಲೊಡೆಯಿತು. ಆ ಬೌರಿಂಗ್‌ಪೇಟೆಯೇ ಇಂದಿನ ಬಂಗಾರಪೇಟೆ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ಗಣಿಗೆ ಬಂತು. ದೊರೆಗಳ ಬಂಗಲೆಗಳಿಗೆ ಹುಲ್ಲುಹಾಸು, ಕ್ಲಬ್ಬು. ಕಾರ್ಮಿಕರಿಗೆ ಸಾಲು ಸಾಲು ‘ಲೈನು’ಗಳು: ಬಿದಿರು ತಟ್ಟಿಯ, ತಗಡಿನ, ಒಂದು ಕೋಣೆಯ ಮನೆಗಳು. ಒಬ್ಬ ಎದ್ದು ಪಾಳಿಗೆ ಹೋದ ಜಾಗದಲ್ಲೇ ಇನ್ನೊಬ್ಬ ಪಾಳಿ ಮುಗಿಸಿ ಬಂದು ಮಲಗುತ್ತಿದ್ದ.

ಗಣಿ ಇನ್ನೊಂದು ದಾರಿಯಿಂದಲೂ ಹೃದಯಕ್ಕೆ ಕೈ ಹಾಕಿತು. ಕಲ್ಲು ಕೊರೆಯುವಾಗ ಎದ್ದ ಸಿಲಿಕಾ ದೂಳು ಶ್ವಾಸಕೋಶಕ್ಕೆ ಹೊಕ್ಕು ಗಂಟು ಕಟ್ಟುತ್ತದೆ. ಅದು ಸಿಲಿಕೋಸಿಸ್. ಭಾರತದಲ್ಲಿ ಈ ಕಾಯಿಲೆಯ ಮೊದಲ ದೊಡ್ಡ ವರದಿ ಬಂದದ್ದೇ ಇಲ್ಲಿಂದ. 1940ರ ದಶಕದ ಸಮೀಕ್ಷೆಯಲ್ಲಿ 7,000ಕ್ಕೂ ಹೆಚ್ಚು ಗಣಿ ಕಾರ್ಮಿಕರ ಪರೀಕ್ಷೆ ನಡೆದು, ಅವರಲ್ಲಿ ಶೇಕಡ 40ಕ್ಕೂ ಹೆಚ್ಚು ಮಂದಿಯ ಎದೆಯಲ್ಲಿ ಈ ದೂಳಿನ ಗುರುತು ಸಿಕ್ಕಿತು. 1947ರಲ್ಲಿ ಅದು ಅಚ್ಚಾಯಿತು. ಕಲ್ಲಾದ ಶ್ವಾಸಕೋಶಕ್ಕೆ ರಕ್ತ ತಳ್ಳಲು ಹೃದಯದ ಬಲಗಡೆ ಹೆಣಗಬೇಕು. ಹೆಣಗಿ ಹೆಣಗಿ ಬಲ ಹೃತ್ಕುಕ್ಷಿಯ ಗೋಡೆ ದಪ್ಪವಾಗುತ್ತದೆ, ಆಮೇಲೆ ಸೋತು ಹಿಗ್ಗುತ್ತದೆ, ಕಾಲು ಊದುತ್ತದೆ, ಹೊಟ್ಟೆ ಊದುತ್ತದೆ. ಎಡಗಡೆಯ ಕೋಣೆ ಹಿಗ್ಗುವುದು ಕವಾಟದಿಂದ, ಬಲಗಡೆಯದು ದೂಳಿನಿಂದ. ಕವಾಟಕ್ಕೆ ಮುಂದೆ ಒಂದು ದಿನ ಚಾಕು ಬಂತು. ದೂಳು ತಿಂದ ಶ್ವಾಸಕೋಶಕ್ಕೆ ಅಂಥ ಚಾಕು ಬರಲಿಲ್ಲ. ಗಣಿಯ ಊರಿನ ಹೃದಯದ ಬಗ್ಗೆ ಬರೆಯುವವರು ಈ ಬಲಗಡೆಯ ಕೋಣೆಯನ್ನು ಮರೆಯುವಂತಿಲ್ಲ.

ಬೆರಳು ಹೊಕ್ಕ ದಾರಿ

ಬೆಸೆದುಕೊಂಡ ಕವಾಟವನ್ನು ಬಿಡಿಸಬಹುದೇ ಎಂಬ ಪ್ರಶ್ನೆಯನ್ನು ಬಹಿರಂಗವಾಗಿ ಎತ್ತಿದವರು ಲಂಡನ್ನಿನ ವೈದ್ಯ ಲಾಡರ್ ಬ್ರಂಟನ್. 1902ರಲ್ಲಿ ಅವರು ಈ ಸಲಹೆಯನ್ನು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬರೆದಾಗ ಬಂದದ್ದು ಟೀಕೆ. ಆ ಕಾಲದ ಹೃದ್ರೋಗ ಶಾಸ್ತ್ರದ ಹಿರಿಯ ಜೇಮ್ಸ್ ಮೆಕೆಂಜಿಯವರ ಪ್ರಭಾವ ದೊಡ್ಡದು. ಅವರ ಪ್ರಕಾರ ರೋಗಿ ಸೋಲುವುದು ಕವಾಟ ಕೆಟ್ಟದ್ದರಿಂದಲ್ಲ, ಹೃದಯದ ಸ್ನಾಯು ದಣಿದದ್ದರಿಂದ. ಕವಾಟ ಮುಟ್ಟಿ ಏನು ಫಲ? ಈ ವಾದ ಶಸ್ತ್ರವೈದ್ಯರ ಕೈಯನ್ನು ಎರಡು ದಶಕ ಕಟ್ಟಿಹಾಕಿತು.

1923ರ ಮೇ 20ರಂದು ಬೋಸ್ಟನ್ನಿನಲ್ಲಿ ಎಲಿಯಟ್ ಕಟ್ಲರ್ 12 ವರ್ಷದ ಹುಡುಗಿಯ ಕವಾಟಕ್ಕೆ ಚಾಕು ಹಾಕಿದರು. ಆಕೆ ನಾಲ್ಕೂವರೆ ವರ್ಷ ಬದುಕಿದಳು. ಅವರ ಮುಂದಿನ ರೋಗಿಗಳು ಉಳಿಯಲಿಲ್ಲ. 1925ರ ಮೇ ತಿಂಗಳಲ್ಲಿ ಲಂಡನ್ನಿನ ಹೆನ್ರಿ ಸೂಟರ್ ಬೇರೆ ದಾರಿ ಹಿಡಿದರು. ಒಬ್ಬ ಹುಡುಗಿಯ ಎಡ ಹೃತ್ಕರ್ಣದ ಆ ಕಿವಿಯಂಥ ಚೀಲವನ್ನು ಸೀಳಿ ತೋರುಬೆರಳನ್ನು ಒಳಗೆ ಇಳಿಸಿ, ಮಿಡಿಯುವ ಹೃದಯದೊಳಗೆ ಕವಾಟವನ್ನು ಮುಟ್ಟಿದರು, ಬೆರಳಿನಿಂದಲೇ ಬಿಡಿಸಿದರು. ಹುಡುಗಿ ಚೇತರಿಸಿಕೊಂಡು ಮನೆಗೆ ಹೋದಳು. ಆದರೂ ಎರಡನೇ ರೋಗಿಯನ್ನು ಯಾವ ವೈದ್ಯರೂ ಸೂಟರ್ ಬಳಿಗೆ ಕಳಿಸಲಿಲ್ಲ.

ತಿರುವು ಬಂದದ್ದು ಮಹಾಯುದ್ಧ ಮುಗಿದ ಮೇಲೆ. ಫಿಲಡೆಲ್ಫಿಯಾದ ಚಾರ್ಲ್ಸ್ ಬೇಲಿಯ ಮೊದಲ ರೋಗಿಗಳು ತೀರಿಕೊಂಡಿದ್ದರು. ಆಸ್ಪತ್ರೆಗಳು ಅವರಿಗೆ ಬಾಗಿಲು ಹಾಕುತ್ತಿದ್ದವು. 1948ರ ಜೂನ್ 10ರಂದು ಅವರು ಎರಡು ಆಸ್ಪತ್ರೆಗಳಲ್ಲಿ ಎರಡು ಆಪರೇಷನ್ ಇಟ್ಟುಕೊಂಡರು, ಮೊದಲನೆಯದು ಸೋತರೆ ಎರಡನೆಯದನ್ನು ತಡೆಯಲು ಯಾರಿಗೂ ಸಮಯ ಸಿಗಬಾರದೆಂದು. ಬೆಳಿಗ್ಗೆಯ ರೋಗಿ ಉಳಿಯಲಿಲ್ಲ. ಮಧ್ಯಾಹ್ನದ ರೋಗಿ ಉಳಿದಳು. ಆರು ದಿನಕ್ಕೆ ಬೋಸ್ಟನ್ನಿನಲ್ಲಿ ಡ್ವೈಟ್ ಹಾರ್ಕೆನ್, ಸೆಪ್ಟೆಂಬರಿನಲ್ಲಿ ಲಂಡನ್ನಿನಲ್ಲಿ ರಸೆಲ್ ಬ್ರಾಕ್ ಗೆದ್ದರು. ಒಂದೇ ವರ್ಷದಲ್ಲಿ ಕವಾಟದ ಬಾಗಿಲು ಶಸ್ತ್ರವೈದ್ಯರಿಗೆ ತೆರೆಯಿತು.

ಅದೇ 1948ರಲ್ಲಿ ಅಮೆರಿಕದ ಎದೆ ಶಸ್ತ್ರವೈದ್ಯ ರೀವ್ ಬೆಟ್ಸ್ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದರು. ದೇಶದ ಮೊದಲ ಎದೆ ಶಸ್ತ್ರಚಿಕಿತ್ಸಾ ವಿಭಾಗವನ್ನು ಅಲ್ಲಿ ಕಟ್ಟಿದರು. ಬಂಗಾರಪೇಟೆಯಲ್ಲಿ ರೈಲು ಹತ್ತಿದರೆ ಕುಪ್ಪಂ, ಜೋಲಾರಪೇಟೆ, ಆಂಬೂರು ದಾಟಿ ಕಾಟ್ಪಾಡಿ. ಅಲ್ಲಿಳಿದರೆ ವೆಲ್ಲೂರು. ಕೋಲಾರ ಸೀಮೆಯವರಿಗೆ ಬೆಂಗಳೂರಿನ ಎದುರು ದಿಕ್ಕಿನಲ್ಲಿದ್ದ ಈ ಆಸ್ಪತ್ರೆಯೇ ದೊಡ್ಡ ಕಾಯಿಲೆಗೆ ದೊಡ್ಡ ಭರವಸೆಯಾಯಿತು. ಊರಿನ ವೈದ್ಯರು ಕೈಬಿಟ್ಟ ರೋಗಿಯನ್ನು ‘ವೆಲ್ಲೂರಿಗೆ ಕರ್ಕೊಂಡ್ಹೋಗಿ’ ಎನ್ನುವುದು ಇಲ್ಲಿನ ಮನೆಮಾತು.

ವೆಲ್ಲೂರಿನಲ್ಲಿ ನೆಲೆಯೂರಿದ್ದು ‘ಮುಚ್ಚಿದ ಹೃದಯ’ದ ಆಪರೇಷನ್. ಹೃದಯವನ್ನು ನಿಲ್ಲಿಸಬೇಕಿಲ್ಲ, ರಕ್ತ ಹರಿಸುವ ಯಂತ್ರ ಬೇಕಿಲ್ಲ. ಎಡ ಪಕ್ಕೆಯಲ್ಲಿ ಎದೆ ತೆರೆದು, ಸೂಟರ್ ಹಿಡಿದ ದಾರಿಯಲ್ಲೇ ಹೃತ್ಕರ್ಣದ ಕಿವಿಯಿಂದ ಬಲಗೈ ಬೆರಳನ್ನು ಇಳಿಸಬೇಕು. ಕಣ್ಣಿಗೆ ಏನೂ ಕಾಣದು. ಒಂದೊಂದು ಮಿಡಿತಕ್ಕೂ ಬೆರಳ ತುದಿಗೆ ರಕ್ತದ ಚಿಲುಮೆ ತಾಗುತ್ತದೆ, ಮೀನಿನ ಬಾಯಿಯ ಗಟ್ಟಿ ಅಂಚು ತಾಗುತ್ತದೆ. ಇನ್ನೊಂದು ಕೈಯಿಂದ ಎಡ ಹೃತ್ಕುಕ್ಷಿಯ ತುದಿಯಲ್ಲಿ ಟಬ್ಸ್ ಡೈಲೇಟರ್ ಎಂಬ ಇಕ್ಕುಳವನ್ನು ತೂರಿಸಿ, ಅದರ ಮೂತಿ ಬೆರಳಿಗೆ ಸಿಕ್ಕಿತೆಂದು ಖಾತ್ರಿಯಾದ ಮೇಲೆ ಕವಾಟದ ನಡುವೆ ಅದನ್ನು ಅರಳಿಸಬೇಕು. ಬೆಸುಗೆ ಬಿಟ್ಟದ್ದು ಬೆರಳಿಗೆ ಗೊತ್ತಾಗುತ್ತದೆ. ಸ್ಟಾನ್ಲಿ ಜಾನ್ ಮತ್ತು ಸಂಗಡಿಗರು 1983ರಲ್ಲಿ ಪ್ರಕಟಿಸಿದ ವೆಲ್ಲೂರಿನ ವರದಿಯಲ್ಲಿ ಇಂಥ ರೋಗಿಗಳ ಸಂಖ್ಯೆ 3,724. ಶ್ರೀಮಂತ ದೇಶಗಳು ತೆರೆದ ಹೃದಯದ ಆಪರೇಷನ್ನಿಗೆ ದಾಟಿದ ಮೇಲೂ ಭಾರತ ಈ ಬೆರಳನ್ನು ಬಿಡಲಿಲ್ಲ. ಖರ್ಚು ಕಡಿಮೆ, ಬದುಕು ಹೆಚ್ಚು.

ಇಲ್ಲಿನ ರೋಗಿಗಳ ಇನ್ನೊಂದು ವಿಶೇಷವನ್ನು 1963ರಲ್ಲಿ ದೆಹಲಿಯ ಸುಜಯ್ ರಾಯ್ ಮತ್ತು ಸಂಗಡಿಗರು ಜಗತ್ತಿಗೆ ತಿಳಿಸಿದರು. ಪಶ್ಚಿಮದಲ್ಲಿ ಕವಾಟ ಕಿರಿದಾಗಲು ಜ್ವರ ಬಂದ ಮೇಲೆ ಇಪ್ಪತ್ತು ಮೂವತ್ತು ವರ್ಷ ಹಿಡಿದರೆ, ಭಾರತದಲ್ಲಿ 20 ವರ್ಷ ತುಂಬುವ ಮೊದಲೇ ಎಷ್ಟೋ ಮಕ್ಕಳ ಕವಾಟ ಮುಚ್ಚಿಕೊಂಡಿರುತ್ತಿತ್ತು. ರೋಗ ಬಹು ಬೇಗ ಬರುತ್ತಿತ್ತು, ಚಿಕಿತ್ಸೆ ಬಹು ತಡವಾಗಿ ಸಿಗುತ್ತಿತ್ತು.

ಕೋಣೆಯ ನೆನಪು

ಕವಾಟ ಬಿಡಿಸಿದ ಕೂಡಲೇ ಆಗುವ ಬದಲಾವಣೆ ಬೆರಗು ಹುಟ್ಟಿಸುವಂಥದ್ದು. ಎಡ ಹೃತ್ಕರ್ಣದ ಒತ್ತಡ ಮೇಜಿನ ಮೇಲೆಯೇ ಇಳಿಯುತ್ತದೆ. ವರ್ಷಗಟ್ಟಲೆ ಕೂತೇ ನಿದ್ದೆ ಮಾಡಿದವರು ಮೈ ಚಾಚಿ ಮಲಗುತ್ತಾರೆ. ಕೋಣೆಯ ಅಗಲ ಮಾತ್ರ ಒಂದು ದಿನದಲ್ಲಿ ಇಳಿಯುವುದಿಲ್ಲ. ತಿಂಗಳುಗಳ ಕಾಲ ನಿಧಾನವಾಗಿ ಕುಗ್ಗುತ್ತದೆ. ಎಳೆಯ ವಯಸ್ಸು, ಲಯ ತಪ್ಪದ ನಾಡಿ, ಕಡಿಮೆ ಹಿಗ್ಗಿದ ಕೋಣೆ ಇವು ಮೂರೂ ಇದ್ದರೆ ಹೆಚ್ಚು ಕುಗ್ಗುತ್ತದೆ. ಲಯ ತಪ್ಪಿ ವರ್ಷಗಳಾಗಿ, ಗೋಡೆಯಲ್ಲಿ ನಾರು ತುಂಬಿದ್ದರೆ ಬಾಗಿಲು ಸರಿಹೋದರೂ ಕೋಣೆ ಹಾಗೆಯೇ ನಿಂತುಬಿಡುತ್ತದೆ. ನಡುಕ ನಿಲ್ಲುವುದಿಲ್ಲ, ಹೆಪ್ಪಿನ ಭಯ ಹೋಗುವುದಿಲ್ಲ.

ಕವಾಟ ಸೋರುವ ರೋಗದಲ್ಲಿ ಇದೇ ಮಾತು ಎಡ ಹೃತ್ಕುಕ್ಷಿಗೆ ಸಲ್ಲುತ್ತದೆ. ಮುಂದೆ ಹೋಗಬೇಕಾದ ರಕ್ತ ಹಿಂದಕ್ಕೂ ಚಿಮ್ಮುವುದರಿಂದ ಕುಕ್ಷಿ ಹೆಚ್ಚಿನ ರಕ್ತ ಹೊತ್ತು ಹಿಗ್ಗುತ್ತದೆ. ಸಕಾಲದಲ್ಲಿ ಕವಾಟ ಸರಿಪಡಿಸಿದರೆ ಅದು ಮರಳಿ ತನ್ನ ಗಾತ್ರಕ್ಕೆ ಬರುತ್ತದೆ. ಸ್ನಾಯು ಸೋತ ಮೇಲೆ ಸರಿಪಡಿಸಿದರೆ ಆಪರೇಷನ್ ಗೆದ್ದರೂ ಹೃದಯದ ಬಲ ಕುಂದಿಯೇ ಇರುತ್ತದೆ. ಮೆಕೆಂಜಿ ಕವಾಟದ ಬಗ್ಗೆ ತಪ್ಪಿದ್ದರು, ಸ್ನಾಯುವಿನ ಬಗ್ಗೆ ಪೂರ್ತಿ ತಪ್ಪಿರಲಿಲ್ಲ.

1960ರಲ್ಲಿ ಅಮೆರಿಕದ ಆಲ್ಬರ್ಟ್ ಸ್ಟಾರ್ ಮತ್ತು ಎಂಜಿನಿಯರ್ ಲೋವೆಲ್ ಎಡ್ವರ್ಡ್ಸ್ ಪಂಜರದೊಳಗೆ ಗುಂಡು ಆಡುವ ಕೃತಕ ಕವಾಟವನ್ನು ತಂದರು. ಪೂರಾ ಕೆಟ್ಟ ಕವಾಟವನ್ನು ಕಿತ್ತು ಹೊಸದು ಹಾಕುವ ಕಾಲ ಬಂತು. ಆಮದಾದ ಕವಾಟದ ಬೆಲೆ ನಮ್ಮ ಬಡವರ ಕೈಗೆ ಎಟುಕದು. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಎಂ.ಎಸ್. ವಲಿಯತ್ತಾನ್ ನೇತೃತ್ವದ ತಂಡ ವರ್ಷಗಟ್ಟಲೆ ದುಡಿದು ದೇಶೀ ಕವಾಟ ತಯಾರಿಸಿತು. 1990ರ ಡಿಸೆಂಬರಿನಲ್ಲಿ ಅದು ಮೊದಲ ರೋಗಿಯ ಎದೆ ಸೇರಿತು. 

ಆದರೆ ಕೃತಕ ಕವಾಟವೂ ಕೋಣೆಯ ನಡುಕವನ್ನು ನಿಲ್ಲಿಸಲಿಲ್ಲ. ನಾಡಿಯ ಈ ತಾಳತಪ್ಪು ಹೃತ್ಕರ್ಣದ ಕಂಪನವೆಂದು ಥಾಮಸ್ ಲೂಯಿಸ್ ಇಸಿಜಿಯಲ್ಲಿ ತೋರಿಸಿದ್ದು 1909ರಲ್ಲಿ. ಅದನ್ನು ಚಾಕುವಿನಿಂದ ನಿಲ್ಲಿಸಬಹುದೆಂದು ಜೇಮ್ಸ್ ಕಾಕ್ಸ್ ತೋರಿಸಿದ್ದು 1987ರಲ್ಲಿ. ದಾರಿ ತಪ್ಪಿ ಸುತ್ತುವ ವಿದ್ಯುತ್ತಿಗೆ ಸುತ್ತಲು ಜಾಗವೇ ಇಲ್ಲದಂತೆ ಹೃತ್ಕರ್ಣದ ಗೋಡೆಯಲ್ಲಿ ಕೊಯ್ದು ಹೊಲಿದು ಗಾಯದ ಗೆರೆಗಳನ್ನು ಎಳೆಯುವುದು ಅವರ ಉಪಾಯ. ವಿದ್ಯುತ್ತಿಗೆ ಒಂದೇ ದಾರಿ ಉಳಿಯುತ್ತದೆ. ಈ ಚಕ್ರವ್ಯೂಹಕ್ಕೆ ‘ಮೇಜ್’ ಎಂದು ಹೆಸರು. ಮುಂದೆ ಕೊಯ್ಯುವ ಬದಲು ಸುಟ್ಟು ಅಥವಾ ಹಿಮಗಟ್ಟಿಸಿ ಗೆರೆ ಎಳೆಯುವ ಸುಲಭ ವಿಧಾನ ಬಂತು. ಸೂಟರ್ ಬೆರಳಿಗೆ ದಾರಿ ಕೊಟ್ಟಿದ್ದ ಆ ಕಿವಿಯಂಥ ಚೀಲವನ್ನು ಈಗ ಶಸ್ತ್ರವೈದ್ಯರು ಹೊಲಿದು ಮುಚ್ಚುತ್ತಾರೆ, ಹೆಪ್ಪಿಗೆ ಮನೆ ಸಿಗದಿರಲೆಂದು.

1995ರಲ್ಲಿ ಹಾಲೆಂಡಿನ ಮಾಸ್ಟ್ರಿಕ್ಟ್‌ನಲ್ಲಿ ಮಾರಿಸ್ ಅಲೆಸ್ಸಿಯವರ ತಂಡ ಮೇಕೆಗಳ ಹೃತ್ಕರ್ಣವನ್ನು ಬೇಕೆಂದೇ ಕಂಪನಕ್ಕೆ ಒಡ್ಡಿ ನೋಡಿತು. ಮೊದಲು ಕೆಲವೇ ಸೆಕೆಂಡಿನಲ್ಲಿ ನಿಲ್ಲುತ್ತಿದ್ದ ಕಂಪನ, ದಿನಗಳು ಉರುಳಿದಂತೆ ನಿಲ್ಲದಾಯಿತು. ಕಂಪನವೇ ಕಂಪನವನ್ನು ಸಾಕುತ್ತದೆ ಎಂಬ ಅರಿವು ಅಲ್ಲಿಂದ ಬಂತು. ಕೋಣೆಗೆ ನೆನಪಿದೆ. ಕಾದಷ್ಟೂ ಆ ನೆನಪು ಗಟ್ಟಿಯಾಗುತ್ತದೆ.

ಮೇಜ್ ಎಷ್ಟರ ಮಟ್ಟಿಗೆ ಫಲ ಕೊಡುತ್ತದೆ ಎಂಬುದರಲ್ಲಿ ತಜ್ಞರಿಗೆ ಒಮ್ಮತವಿಲ್ಲ. 2015ರಲ್ಲಿ ಅಮೆರಿಕದಲ್ಲಿ ಪ್ರಕಟವಾದ, 260 ಜನರ ಮೈಟ್ರಲ್ ಆಪರೇಷನ್ ಕುರಿತ ಪ್ರಯೋಗದಲ್ಲಿ, ಗೆರೆ ಎಳೆಸಿಕೊಂಡವರಲ್ಲಿ ಶೇಕಡ 63ರಷ್ಟು ಜನ ಒಂದು ವರ್ಷದ ನಂತರ ಕಂಪನದಿಂದ ಮುಕ್ತರಾಗಿದ್ದರು. ಕವಾಟವನ್ನಷ್ಟೇ ಸರಿಪಡಿಸಿಕೊಂಡವರಲ್ಲಿ ಶೇಕಡ 29. ಆದರೆ ಗೆರೆ ಎಳೆಸಿಕೊಂಡವರಿಗೆ ಪೇಸ್‌ಮೇಕರ್ ಹಾಕಬೇಕಾದದ್ದೂ ಹೆಚ್ಚು. ನಮ್ಮಲ್ಲಿನಂಥ ರುಮ್ಯಾಟಿಕ್ ಹೃದಯದಲ್ಲಿ ಪ್ರಶ್ನೆ ಇನ್ನೂ ಕಠಿಣ. ಕೆಲವರು ಲಯ ಮರಳಿದರೆ ಸಾಕು, ಕೋಣೆ ತಾನಾಗಿ ಕುಗ್ಗುತ್ತದೆ ಎನ್ನುತ್ತಾರೆ. ಲಯ ಮರಳಿದರೂ ಗಾಯದ ಗೆರೆ, ನಾರು ತುಂಬಿದ ಗೋಡೆ ಮೊದಲಿನಂತೆ ರಕ್ತ ತಳ್ಳದು ಎಂಬುದು ಇನ್ನು ಕೆಲವರ ವಾದ. ಒಂದು ಮಾತಿನಲ್ಲಿ ಎರಡೂ ಕಡೆಯವರು ಕೂಡುತ್ತಾರೆ: 6 ಸೆಂಟಿಮೀಟರಿಗೂ ಮೀರಿ ಹಿಗ್ಗಿದ, ವರ್ಷಗಟ್ಟಲೆ ನಡುಗಿದ ಕೋಣೆಯಲ್ಲಿ ಫಲ ಕಡಿಮೆ.

ಬಲೂನು, ಐದು ರೂಪಾಯಿ, ಬೆಳಗಿನ ರೈಲು

ಕೋಣೆಗೆ ಗಡುವಿದೆ ಎಂದ ಮೇಲೆ ಆಸ್ಪತ್ರೆ ಎಷ್ಟು ದೂರ, ಖರ್ಚೆಷ್ಟು ಎಂಬ ಪ್ರಶ್ನೆಗಳೂ ವೈದ್ಯಶಾಸ್ತ್ರದ ಪ್ರಶ್ನೆಗಳೇ. ಕೋಲಾರ ಸೀಮೆಯವರ ಮಟ್ಟಿಗೆ ಇವು ಬದಲಾದದ್ದು ಮೂರು ಹೆಜ್ಜೆಯಲ್ಲಿ.

ಮೊದಲನೆಯದು ಬಲೂನು. ಜಪಾನಿನ ಕಾಂಜಿ ಇನೂಯೆ 1984ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ಎದೆ ತೆರೆಯಬೇಕಿಲ್ಲ. ತೊಡೆಸಂದಿನ ರಕ್ತನಾಳದಿಂದ ತಂತಿ ಏರಿಸಿ, ಬಲ ಹೃತ್ಕರ್ಣದಿಂದ ನಡುಗೋಡೆ ದಾಟಿ ಎಡಕ್ಕೆ ಹೋಗಿ, ಕವಾಟದ ನಡುವೆ ಬಲೂನು ಉಬ್ಬಿಸಿದರೆ ಬೆಸುಗೆ ಬಿಡುತ್ತದೆ. ವೆಲ್ಲೂರಿನ ಬೆರಳು ಮಾಡುತ್ತಿದ್ದ ಕೆಲಸ ಅದೇ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಹುಟ್ಟಿ, ಬನ್ನೇರುಘಟ್ಟ ರಸ್ತೆಗೆ ಬೆಳೆದ ಸರ್ಕಾರದ ಜಯದೇವ ಹೃದ್ರೋಗ ಸಂಸ್ಥೆ ಈ ಚಿಕಿತ್ಸೆಯ ದೊಡ್ಡ ಕೇಂದ್ರವಾಯಿತು. ಅದರ ನಿರ್ದೇಶಕರಾಗಿ ಬಹುಕಾಲ ದುಡಿದ ಡಾ. ಸಿ.ಎನ್. ಮಂಜುನಾಥ್ ಹೆಸರು ಮಾಡಿದ್ದು ಬಲೂನು ಚಿಕಿತ್ಸೆಯಲ್ಲೇ. ‘ಬಲೂನ್ ಹಾಕಿಸ್ಕೊಂಡು ಬಂದ್ವಿ’ ಎಂಬುದು ಹಳ್ಳಿಯ ಜಗಲಿಯ ಮಾತಾಯಿತು.

ಎರಡನೆಯದು ಐದು ರೂಪಾಯಿ. 2003ರ ಜೂನ್‌ನಲ್ಲಿ ಜಾರಿಗೆ ಬಂದ ಯಶಸ್ವಿನಿ ಯೋಜನೆಯಲ್ಲಿ ಹಳ್ಳಿಯ ಸಹಕಾರ ಸಂಘದ ಸದಸ್ಯರು ತಿಂಗಳಿಗೆ 5 ರೂಪಾಯಿ ಲೆಕ್ಕದಲ್ಲಿ ಕಟ್ಟಿದರೆ ಹೃದಯದ ಆಪರೇಷನ್ನೂ ಸೇರಿ ದೊಡ್ಡ ಶಸ್ತ್ರಚಿಕಿತ್ಸೆಗಳ ಖರ್ಚು ಯೋಜನೆಯದ್ದಾಗಿತ್ತು. ನಾರಾಯಣ ಹೃದಯಾಲಯದ ಡಾ. ದೇವಿ ಶೆಟ್ಟಿ ಮತ್ತು ಸಹಕಾರ ಇಲಾಖೆ ಜೊತೆಗೂಡಿ ಕಟ್ಟಿದ ಯೋಜನೆ ಇದು. ಬಂಗಾರಪೇಟೆ, ಮಾಲೂರಿನ ಹಾಲು ಉತ್ಪಾದಕರ ಸಂಘಗಳಿದ್ದ ಹಳ್ಳಿಗಳಿಗೆ ಇದು ತಲುಪಬಹುದಾದ ಆಸರೆಯಾಗಿತ್ತು. ಗಣಿ ಮುಚ್ಚಿ ಬೀದಿಗೆ ಬಿದ್ದ ಲೈನುಗಳಲ್ಲಿ ಹಾಲೂ ಇರಲಿಲ್ಲ, ಸಂಘವೂ ಇರಲಿಲ್ಲ. ಹತ್ತಾರು ಕಿಲೋಮೀಟರಿನ ಅಂತರದಲ್ಲಿ ಇಬ್ಬರ ಹೃದಯದ ಹಣೆಬರಹ ಬೇರೆ ಬೇರೆಯಾಗುವುದು ಹೀಗೆ.

ಮೂರನೆಯದು ಆ ರೈಲು. ವೈಟ್‌ಫೀಲ್ಡ್‌ನ ಉಚಿತ ಆಸ್ಪತ್ರೆ ಅದೇ ಹಳಿಯ ಮೇಲೆ ತೆರೆದದ್ದರಿಂದ, ಊರಿನ ಆಸ್ಪತ್ರೆ ಕಳೆದುಕೊಂಡವರಿಗೆ ಒಂದು ದಾರಿ ಉಳಿಯಿತು. ಆದರೆ ರೈಲು ಹತ್ತುವ ಮೊದಲು ರೋಗ ಗುರುತಾಗಬೇಕು. ಗಣಿ ಆಸ್ಪತ್ರೆಯ ನಷ್ಟ ಇರುವುದು ಅಲ್ಲಿ. ಶಾಲೆಯ ಮಗುವಿನ ಎದೆಗೆ ಸ್ಟೆತೊಸ್ಕೋಪ್ ಇಟ್ಟು ಮರ್ಮರ ಕೇಳಿಸಿಕೊಳ್ಳುವ, ಕೀಲು ಊದಿದ ಹುಡುಗನ ತಾಯಿಯನ್ನು ‘ಮುಂದಿನ ವಾರ ಕರ್ಕೊಂಬನ್ನಿ’ ಎಂದು ಕರೆಯುವ ವೈದ್ಯರು ನಡೆದು ಹೋಗುವಷ್ಟು ಹತ್ತಿರದಲ್ಲಿದ್ದರೆ ಕೋಣೆ 4 ಸೆಂಟಿಮೀಟರಿನಲ್ಲಿರುವಾಗಲೇ ಕಣ್ಣಿಗೆ ಬೀಳುತ್ತದೆ. ಇಲ್ಲದಿದ್ದರೆ ಕಾಲು ಊದಿದ ಮೇಲೆ, ಲಕ್ವ ಹೊಡೆದ ಮೇಲೆ.

2021ರ ಬೇಸಿಗೆಯಲ್ಲಿ, ಕೋವಿಡ್ ಎರಡನೇ ಅಲೆಗೆ ಹಾಸಿಗೆ ಸಿಗದೆ ಜನ ಒದ್ದಾಡುವಾಗ, 20 ವರ್ಷ ಪಾಳುಬಿದ್ದಿದ್ದ ಆ ಗಣಿ ಆಸ್ಪತ್ರೆಯನ್ನು ಊರಿನ ಸ್ವಯಂಸೇವಕರು ಗುಡಿಸಿ, ತೊಳೆದು, ಬಣ್ಣ ಬಳಿದು ಮತ್ತೆ ತೆರೆಯುವಂತೆ ಮಾಡಿದರು. ಒಂದು ಊರು ತಾನು ಕಳೆದುಕೊಂಡದ್ದು ಏನೆಂದು ಎಷ್ಟು ಸ್ಪಷ್ಟವಾಗಿ ಬಲ್ಲದು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಉಳಿದ ಪಾಠ

ಎಕೋ ಕೋಣೆಯಲ್ಲಿ ರೋಗಿ ಎಡಮಗ್ಗುಲಾಗಿ ಮಲಗಿರುತ್ತಾರೆ. ಎದೆಗೆ ತಣ್ಣನೆಯ ಜೆಲ್ ಸವರಿ ಪ್ರೋಬ್ ಅನ್ನು ಪಕ್ಕೆಯ ಸಂದಿಗೆ ಒತ್ತಿದರೆ ಪರದೆಯ ಮೇಲೆ ಬೂದುಬಣ್ಣದ ಕೋಣೆಗಳು ಮಿಡಿಯುತ್ತವೆ. ರುಮ್ಯಾಟಿಕ್ ಕವಾಟದ ಮುಂದಿನ ಎಸಳು ತೆರೆಯುವಾಗ ಬಾಗುತ್ತದೆ, ಥೇಟ್ ಹಾಕಿ ಕೋಲಿನ ಹಾಗೆ. ವೈದ್ಯರೂ ಅದನ್ನು ಹಾಗೆಯೇ ಕರೆಯುತ್ತಾರೆ. ಹಾಕಿ ಆಡಿ ಬೆಳೆದ ಕೆಜಿಎಫ್‌ನವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ. ಅದರ ಹಿಂದೆ, ಪರದೆಯ ಅಂಚಿನವರೆಗೂ ಹರಡಿಕೊಂಡ ಕಪ್ಪು ಹೊಂಡವೇ ಎಡ ಹೃತ್ಕರ್ಣ. ಕೆಲವರಲ್ಲಿ ಅದರೊಳಗೆ ರಕ್ತ ಹೊಗೆಯಂತೆ ಸುಳಿಯುವುದು ಕಾಣುತ್ತದೆ, ಹೆಪ್ಪುಗಟ್ಟುವ ಮುನ್ಸೂಚನೆಯಾಗಿ. ತಂತ್ರಜ್ಞರು ಈ ಅಂಚಿನಿಂದ ಆ ಅಂಚಿಗೆ ಒಂದು ಗೆರೆ ಎಳೆಯುತ್ತಾರೆ. ರಿಪೋರ್ಟಿನಲ್ಲಿ ‘ಎಲ್‌ಎ’ ಎಂಬುದರ ಮುಂದೆ ಒಂದು ಅಂಕಿ ಮೂಡುತ್ತದೆ.

ಆ ಅಂಕಿಯಲ್ಲಿ ಇಷ್ಟೂ ಚರಿತ್ರೆ ಇದೆ. ಲೈನುಮನೆಯ ಇಕ್ಕಟ್ಟು, ಮರೆತುಹೋದ ಗಂಟಲು ನೋವು, ಮುಚ್ಚಿದ ಆಸ್ಪತ್ರೆ, ಕೂಡಿಡಲಾಗದ ದುಡ್ಡು, ನಾಳೆ ನೋಡೋಣ ಎಂದು ಮುಂದೂಡಿದ ವರ್ಷಗಳು. ಕವಾಟವನ್ನು ಬಿಡಿಸಬಹುದು, ಬದಲಿಸಬಹುದು. ಕಳೆದುಹೋದ ವರ್ಷಗಳನ್ನು ಕೋಣೆಯ ಗೋಡೆಯಿಂದ ಕಿತ್ತು ತೆಗೆಯಲು ಯಾವ ಶಸ್ತ್ರವೈದ್ಯರಿಗೂ ಆಗಿಲ್ಲ. ಅದಕ್ಕೇ ಆಪರೇಷನ್ ಆದ ಮೇಲೂ ನಡುಕ ನಿಲ್ಲದವರು ರಕ್ತ ತೆಳುಮಾಡುವ ಮಾತ್ರೆ ನುಂಗುತ್ತಲೇ ಇರಬೇಕು, ಆಗಾಗ ರಕ್ತ ಪರೀಕ್ಷೆ ಮಾಡಿಸುತ್ತಲೇ ಇರಬೇಕು. ಹೊಸ ಮಾತ್ರೆಗಳು ಬಂದವಲ್ಲ, ಪರೀಕ್ಷೆಯ ರಗಳೆ ತಪ್ಪೀತೇ ಎಂಬ ಆಸೆಗೂ 2022ರಲ್ಲಿ ಉತ್ತರ ಸಿಕ್ಕಿತು. ದೆಹಲಿಯ ಏಮ್ಸ್‌ನ ಗಣೇಶನ್ ಕಾರ್ತಿಕೇಯನ್ ಮುಂದಾಳತ್ವದಲ್ಲಿ 24 ದೇಶಗಳ 4,500ಕ್ಕೂ ಹೆಚ್ಚು ರುಮ್ಯಾಟಿಕ್ ರೋಗಿಗಳ ಮೇಲೆ ನಡೆದ ಪ್ರಯೋಗದಲ್ಲಿ ಹಳೆಯ ಮಾತ್ರೆಯವರೇ ಹೆಚ್ಚು ಬದುಕಿದರು.

ಇಷ್ಟಕ್ಕೂ ಈ ಕಥೆಯ ಅತಿ ಅಗ್ಗದ ಔಷಧ ಅತಿ ಮೊದಲಿನದು. ಗಂಟಲು ನೋವಿಗೆ ಸಕಾಲದಲ್ಲಿ ಪೆನಿಸಿಲಿನ್, ಒಮ್ಮೆ ರುಮ್ಯಾಟಿಕ್ ಜ್ವರ ಬಂದ ಮಗುವಿಗೆ ಮೂರು ವಾರಕ್ಕೊಂದರಂತೆ ವರ್ಷಗಟ್ಟಲೆ ಪೆನಿಸಿಲಿನ್ ಇಂಜೆಕ್ಷನ್. ಸೊಂಟಕ್ಕೆ ಚುಚ್ಚಿದರೆ ಎರಡು ದಿನ ನೋಯುತ್ತದೆ. ಮಗು ಅಳುತ್ತದೆ, ತಾಯಿಯ ಕೂಲಿ ಕೆಡುತ್ತದೆ. ಆ ಒಂದು ದಿನದ ಕೂಲಿಯನ್ನು ಉಳಿಸಿಕೊಡುವಷ್ಟು ಹತ್ತಿರದಲ್ಲಿ, ಮಾರಿಕುಪ್ಪಂನಲ್ಲಿ, ಊರ್ಗಾಂನಲ್ಲಿ, ಬಂಗಾರಪೇಟೆಯ ಹಳ್ಳಿಗಳಲ್ಲಿ ಒಬ್ಬ ನರ್ಸ್ ಆ ಸೂಜಿ ಹಿಡಿದು ಕಾದಿರಬೇಕು. ಹಾಗಾದರೆ ಬೆಳಗಿನ ರೈಲಿನಲ್ಲಿ ಎಕ್ಸ್‌ರೇ ಕವರ್ ಹಿಡಿದವರು ಒಬ್ಬೊಬ್ಬರಾಗಿ ಕಡಿಮೆಯಾಗುತ್ತಾರೆ. ಆಪರೇಷನ್ ಮುಗಿಸಿ ಬಂದವರನ್ನು ನಾವು ‘ವಾಲ್ವ್ ಸರಿಹೋಯ್ತಾ?’ ಎಂದು ಕೇಳುತ್ತೇವೆ. ಅದಕ್ಕೂ ಹತ್ತು ವರ್ಷ ಮೊದಲೇ, ಶಾಲೆಗೆ ಹೋಗುವ ಮಗುವಿಗೆ ‘ಗಂಟಲು ನೋವು ಹೋಯ್ತಾ ಪುಟ್ಟಾ?’ ಎಂದು ಯಾರಾದರೂ ಕೇಳಿದ್ದರೆ ಆ ಕೋಣೆ ಹಿಗ್ಗುತ್ತಲೇ ಇರಲಿಲ್ಲ.